ಮಂಡಕ್ಕಿ ಭಟ್ಟಿಯಲ್ಲಿ ವಿದ್ಯುದಾವೇಶ

ಜುಲೈ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಹರಿಹರದ ನಮ್ಮ ಪ್ರೌಢಶಾಲೆಯ ಮುಖ್ಯ ಶಿಕ್ಷಕಿಯವರ ಮೇಜಿಗೆ ನನ್ನ ವಿರುದ್ಧ ಒಂದು ದೂರು ಅರ್ಜಿ ಬಂತು. ಕೊಟ್ಟವರು ಸಾರಥಿ ಗ್ರಾಮದ ಶಿವಮೂರ್ತೆಪ್ಪ, ಎಂಟನೇ ತರಗತಿಯ ವೀಣಾಳ ಅಜ್ಜ. ಅರ್ಜಿಯಲ್ಲಿ ಮೂರು ಸಾಲು ಇದ್ದವು. ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಜಾತಿ ಬಿಟ್ಟು ಮದುವೆಯಾಗುವುದನ್ನು ಕಲಿಸುತ್ತಿದ್ದಾರೆ. ಅದು ಪರೀಕ್ಷೆಗೂ ಬರುತ್ತದೆ ಎಂದು ಹೆದರಿಸಿದ್ದಾರೆ. ಇದರಿಂದ ನಮ್ಮ ಹಿರಿಯ ಮೊಮ್ಮಗಳಿಗೆ ಬಂದಿದ್ದ ಸಂಬಂಧ ತಪ್ಪುವ ಹಾಗಾಗಿದೆ.

ನಾನು ಆಗ ನಿವೃತ್ತಿಗೆ ಎರಡು ವರ್ಷ ದೂರದಲ್ಲಿದ್ದೆ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಶಾಲೆ ಹರಿಹರದಲ್ಲಿ, ದಿನವೂ ಬಸ್ಸು. ಬಡ್ತಿ ಯಾವಾಗ ಬಂತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಈಗ ವಿಜ್ಞಾನ ಶಿಕ್ಷಕರಾಗಿ ಸೇರುತ್ತಿರುವ ಕೆಲವರು ಕೇಳಿದ್ದರಿಂದ ಒಂದು ಪಾಠದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿದರೆ ಅದಕ್ಕೆ ವಿದ್ಯುದಾವೇಶ ಬರುತ್ತದೆ, ಕಾಗದದ ಚೂರುಗಳನ್ನು ಎಳೆಯುತ್ತದೆ. ಒಂದೇ ಬಗೆಯ ಆವೇಶವಿರುವ ಎರಡು ವಸ್ತುಗಳು ಒಂದನ್ನೊಂದು ದೂಡುತ್ತವೆ. ಬೇರೆ ಬೇರೆ ಬಗೆಯದಾದರೆ ಎಳೆಯುತ್ತವೆ. ಪಾಠ ಇಷ್ಟೇ. ಮೂವತ್ತು ವರ್ಷಕ್ಕೂ ಮೀರಿದ ಸೇವೆಯಲ್ಲಿ ನನಗೆ ಅತಿ ಹೆಚ್ಚು ತೊಂದರೆ ಕೊಟ್ಟದ್ದೂ ಇದೇ.

ಮೊದಲ ತೊಂದರೆ ಎಣ್ಣೆಯದು. ಸೇವೆಗೆ ಸೇರಿದ ವರ್ಷ ದಾವಣಗೆರೆಯ ಒಂದು ಶಾಲೆಯಲ್ಲಿ ಈ ಪಾಠಕ್ಕೆ ಬಾಚಣಿಗೆ ತೆಗೆದುಕೊಂಡು ಹೋದೆ. ನನ್ನ ತಲೆಯಲ್ಲಿ ಪ್ರಯೋಗಕ್ಕೆ ಸಾಕಾಗುವಷ್ಟು ಕೂದಲು ಆಗಲೇ ಇರಲಿಲ್ಲ. ಹಾಗಾಗಿ ಮಕ್ಕಳನ್ನು ಕರೆದೆ. ತರಗತಿಯಲ್ಲಿ ನಲವತ್ತು ತಲೆ, ನಲವತ್ತರಲ್ಲೂ ಕೊಬ್ಬರಿ ಎಣ್ಣೆ. ಆದರೂ ಕಾಗದದ ಚೂರುಗಳು ಬಾಚಣಿಗೆಗೆ ಅಂಟಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ದಾಖಲೆ ವಹಿಯಲ್ಲಿ ‘ಪ್ರಯೋಗ ಯಶಸ್ವಿ’ ಎಂದು ಬರೆದೆ. ಚೂರುಗಳು ಅಂಟಿದ್ದು ಆವೇಶಕ್ಕಲ್ಲ, ಎಣ್ಣೆಗೆ ಎಂದು ತಿಳಿದದ್ದು ಅವು ಸಂಜೆಯವರೆಗೂ ಬೀಳದೇ ಇದ್ದಾಗ. ಆ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಮರುದಿನ ಎಲ್ಲರೂ ತಲೆಸ್ನಾನ ಮಾಡಿಕೊಂಡು ಬರಬೇಕು ಎಂದೆ. ಒಬ್ಬ ತಾಯಿ ಮಗಳ ಜೊತೆಗೇ ಬಂದರು.

“ಸಾರ್, ನಮ್ಮ ಹುಡುಗಿ ತಲ್ಯಾಗ ಹೇನು ಅದಾವೆ ಅಂತ ಹೇಳಿದ್ರಂತೆ?”

“ಇಲ್ಲಮ್ಮ. ವಿದ್ಯುತ್ ತೆಗೀಬೇಕಿತ್ತು.”

“ಎಲ್ಲಿಂದ? ತಲ್ಯಾಗಿಂದಾ?”

“ಹೌದು.”

ಅವರು ಮಗಳ ಕೈ ಹಿಡಿದುಕೊಂಡು ಮನೆಗೆ ಹೊರಟರು. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ.

ಎರಡನೆಯದು ಬೆಕ್ಕಿನದು. ಹರಿಹರದ ಶಾಲೆಯಲ್ಲಿದ್ದ ಒಂದು ಹಳೆಯ ಕೈಪಿಡಿಯಲ್ಲಿ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲನ್ನು ಬೆಕ್ಕಿನ ತುಪ್ಪಳದಿಂದ ಉಜ್ಜಬೇಕು ಎಂದಿತ್ತು. ನಮ್ಮ ಪ್ರಯೋಗಾಲಯದ ಸಹಾಯಕ ಜಬೀವುಲ್ಲಾ, ಎಲ್ಲರಿಗೂ ಜಬೀ. ದಾವಣಗೆರೆಯಿಂದ ನನ್ನ ಬಸ್ಸಿನಲ್ಲೇ ಬರುತ್ತಿದ್ದ. ಎಲ್ಲಾದರೂ ಬೆಕ್ಕಿನ ತುಪ್ಪಳ ಸಿಗುತ್ತದೆಯೇ ನೋಡು ಎಂದು ಅವನಿಗೆ ಹೇಳಿದ್ದೆ. ಮರುದಿನ ಒಂದು ಗೋಣಿಚೀಲ ತಂದು ಮೇಜಿನ ಮೇಲಿಟ್ಟ. ಚೀಲ ಕೂಗುತ್ತಿತ್ತು.

“ಜಬೀ, ನಾನು ಕೇಳಿದ್ದು ತುಪ್ಪಳ.”

“ತುಪ್ಪಳ ಬೆಕ್ಕಿನ ಮ್ಯಾಲೇ ಐತೆ ಸಾರ್. ಬೇರೆ ಮಾಡಿ ತಗೊಂಡ್ ಬಾ ಅಂತ ನೀವು ಹೇಳ್ಲಿಲ್ಲ.”

ಅವನು ಬೆಕ್ಕನ್ನು ಹಿಡಿದುಕೊಂಡ, ನಾನು ಕೋಲು ಉಜ್ಜಿದೆ. ಎರಡು ಸಲ ಬೆಕ್ಕು ಸಹಕರಿಸಿತು. ಮೂರನೇ ಸಲ ಸಹಕರಿಸಲಿಲ್ಲ. ಕೋಲಿಗೆ ಆವೇಶ ಬಂದಿತ್ತು, ಬೆಕ್ಕಿಗೂ ಬಂದಿತ್ತು. ವಹಿಯಲ್ಲಿ ಇರುವುದು ಹೀಗೆ: ‘ಕಾಗದದ ಚೂರುಗಳ ಆಕರ್ಷಣೆ ಉತ್ತಮ. ಗಾಯ ಎರಡು. ಬೆಕ್ಕು ಕಿಟಕಿಯಿಂದ.’

ಇನ್ನು ದೂರು ಅರ್ಜಿಯ ವಿಷಯ. ಪುಸ್ತಕದಲ್ಲಿ ಈ ಪಾಠ ಕೊನೆಯ ಕಡೆಗಿದೆ. ಅದರಲ್ಲೇ ಮಿಂಚಿನ ವಿಷಯವೂ ಬರುವುದರಿಂದ, ಗುಡುಗು ಮಿಂಚು ಇರುವ ಕಾಲದಲ್ಲಿ ಮಾಡಿದರೆ ಮಕ್ಕಳಿಗೆ ಚೆನ್ನಾಗಿ ಹತ್ತುತ್ತದೆ ಎಂದು ಆ ವರ್ಷ ನಾನು ಅದನ್ನು ಮಳೆಗಾಲಕ್ಕೆ ತಂದೆ. ಇದು ಒಂದನೇ ತಪ್ಪು.

ಎರಡನೇ ತಪ್ಪು ಕಪ್ಪು ಹಲಗೆಯ ಮೇಲೆ ಆಯಿತು. ಪುಸ್ತಕದ ವಾಕ್ಯ ಹೀಗಿದೆ: ಸಜಾತೀಯ ಆವೇಶಗಳು ಪರಸ್ಪರ ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಪರಸ್ಪರ ಆಕರ್ಷಿಸುತ್ತವೆ. ಅಂದು ಹಲಗೆಯ ಮುಕ್ಕಾಲು ಭಾಗದಲ್ಲಿ ಗಣಿತದ ಲೆಕ್ಕ ಇತ್ತು, ಕೆಳಗೆ ‘ಅಳಿಸಬಾರದು’ ಎಂದು ಬರೆದಿತ್ತು. ಉಳಿದ ಜಾಗದಲ್ಲಿ ನಾನು ಬರೆದದ್ದು ಇದು:

ಸಜಾತಿ – ವಿಕರ್ಷಣೆ. ವಿಜಾತಿ – ಆಕರ್ಷಣೆ. ಇದು ಪ್ರಕೃತಿ ನಿಯಮ. ಖಂಡಿತ ಬರುತ್ತದೆ.

ಕೊನೆಯ ಎರಡು ಪದ ಪರೀಕ್ಷೆಯ ಬಗ್ಗೆ. ಮೂರನೇ ತಪ್ಪು ಬಾಯಲ್ಲಿ ಹೇಳಿದ್ದು: “ಇದನ್ನು ದೊಡ್ಡದಾಗಿ ಬರೆದು ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ.”

ವೀಣಾ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ. ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಕೆಳಗೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದಳು. ಆ ಭಾನುವಾರ ಅವಳ ಅಕ್ಕ ಶೋಭಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ದಾವಣಗೆರೆಯ ಎಸ್.ಎಸ್. ಬಡಾವಣೆಯವರು, ಬಟ್ಟೆ ವ್ಯಾಪಾರಿ ಮಹದೇವಪ್ಪ, ಅವರ ಹೆಂಡತಿ, ಮಗ ಕಿರಣ್ ಮತ್ತು ಮಹದೇವಪ್ಪನವರ ತಾಯಿ. ಮುಂದಿನದನ್ನು ನಾನು ನೋಡಿಲ್ಲ. ವೀಣಾ ಮತ್ತು ಶಿವಮೂರ್ತೆಪ್ಪ ಬೇರೆ ಬೇರೆಯಾಗಿ ಹೇಳಿದರು, ಎರಡೂ ತಾಳೆಯಾದವು.

ಅವಲಕ್ಕಿ ತಟ್ಟೆ ಕೊಟ್ಟಿದ್ದರು. ಮಹದೇವಪ್ಪನವರ ತಾಯಿಗೆ ಕಣ್ಣಿನ ಆಪರೇಷನ್ ಹೊಸದಾಗಿ ಆಗಿತ್ತು. ಕಂಡದ್ದನ್ನೆಲ್ಲ ಜೋರಾಗಿ ಓದುವ ಅಭ್ಯಾಸ ಆಗಿನಿಂದ ಶುರುವಾಗಿತ್ತು. ಅವರು ಕ್ಯಾಲೆಂಡರಿನ ತಿಥಿ ಓದಿದರು, ಅಮಾವಾಸ್ಯೆ ಯಾವತ್ತು ಎಂದು ಓದಿದರು, ಹಾಗೇ ಕೆಳಗಿಳಿದು ಓದಿದರು: “ಸಜಾತಿ, ವಿಕರ್ಷಣೆ. ವಿಜಾತಿ, ಆಕರ್ಷಣೆ. ಇದು ಪ್ರಕೃತಿ ನಿಯಮ. ಖಂಡಿತ ಬರುತ್ತದೆ.” ಆಮೇಲೆ ತಿರುಗಿ ಕೇಳಿದರು, “ಏನು ಬರ್ತೈತೆ?”

ಹುಡುಗಿಯ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ಅದಕ್ಕೇ ಮನೆಯಲ್ಲಿ ಹೀಗೆ ಬರೆದು ಹಾಕಿದ್ದಾರೆ ಎಂದು ಗಂಡಿನ ಕಡೆಯವರು ತಿಳಿದರು. ಅವಲಕ್ಕಿ ಅರ್ಧಕ್ಕೇ ನಿಂತಿತು. “ಫೋನ್ ಮಾಡಿ ತಿಳಿಸ್ತೀವಿ” ಎಂದು ಎದ್ದರು.

ಸೋಮವಾರ ಮುಖ್ಯ ಶಿಕ್ಷಕಿ ಗಿರಿಜಮ್ಮನವರು ನನ್ನನ್ನು ಕರೆದಾಗ ಶಿವಮೂರ್ತೆಪ್ಪ ಎದುರಿಗೇ ಕೂತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಕರಿ ಕಂಬಳಿ. ಗಿರಿಜಮ್ಮ ಕೇಳಿದರು, “ಮೇಷ್ಟ್ರೇ, ಆವೇಶ ಅನ್ನೋ ಪದ ಎಲ್ಲಿ ಹೋಯ್ತು?”

“ಹಲಗೆ ಮೇಲೆ ಜಾಗ ಇರಲಿಲ್ಲ ಮೇಡಂ.”

“ಮೂರು ಅಕ್ಷರಕ್ಕೆ ಜಾಗ ಇರಲಿಲ್ಲ. ಖಂಡಿತ ಬರುತ್ತದೆ ಅನ್ನೋಕೆ ಇತ್ತು.”

ಶಿವಮೂರ್ತೆಪ್ಪ ನಡುವೆ ಬಾಯಿ ಹಾಕಿದರು. “ಆವೇಶ ಅಂದ್ರೆ ಮೈಮ್ಯಾಲೆ ದೇವರು ಬರೋದು ಅಲ್ಲೇನ್ರಿ? ಅದನ್ನೂ ಶಾಲ್ಯಾಗ ಕಲಿಸ್ತೀರಾ?”

ಅದು ಬೇರೆ ಆವೇಶ ಎಂದು ವಿವರಿಸಲು ಹದಿನೈದು ನಿಮಿಷ ಹಿಡಿಯಿತು. ಕೊನೆಗೆ ಅವರು ಒಪ್ಪಿಗೆಯಾದವರಂತೆ ತಲೆಯಾಡಿಸಿ ಹೇಳಿದರು, “ನೀವು ಹೇಳಿದ್ದು ಖರೇ ಇರಬೋದು. ನಂಗೆ ತಿಳಿದು ಏನ್ ಮಾಡ್ಲಿ? ಬೀಗರಿಗೆ ತಿಳೀಬೇಕು. ಅವರು ವಾಪಸ್ ಬಂದ್ರೆ ಈ ಅರ್ಜಿ ವಾಪಸ್. ಬರ್ಲಿಲ್ಲ ಅಂದ್ರೆ ಇದು ಮೇಲಿನ ಆಫೀಸಿಗೆ ಹೋಗ್ತೈತೆ.”

ಬಾಗಿಲ ಹೊರಗೆ ವೀಣಾ ನಿಂತಿದ್ದಳು. “ಅಕ್ಕಗೆ ಹುಡುಗ ಒಪ್ಪಿಗೆ ಆಗಿದ್ದ ಸಾರ್” ಎಂದಳು. “ಭಾನುವಾರದಿಂದ ನನ್ನ ಮಾತಾಡಿಸ್ತಿಲ್ಲ. ನಾನು ಏನ್ ತಪ್ಪು ಮಾಡ್ದೆ? ನೀವು ಹೇಳಿದ್ದೇ ಬರ್ದಿದ್ದೆ.”

ಗಿರಿಜಮ್ಮನವರೇ ಮಹದೇವಪ್ಪನವರಿಗೆ ಫೋನ್ ಮಾಡಿದರು. ಅವರು ನೇರವಾದ ಮನುಷ್ಯ. “ವಿಜ್ಞಾನ ಅಂತೀರಿ, ಮಾಡಿ ತೋರಿಸ್ರಿ. ನಾನು ಬಟ್ಟೆನೂ ನೋಡಿ, ಮುಟ್ಟಿನೇ ತಗೊಳ್ಳೋದು.”

ಶನಿವಾರ ಮಧ್ಯಾಹ್ನ ನಮ್ಮ ಪ್ರಯೋಗಾಲಯದಲ್ಲಿ ಸೇರಿದವರು ಐದು ಜನ: ಗಿರಿಜಮ್ಮ, ಶಿವಮೂರ್ತೆಪ್ಪ, ಮಹದೇವಪ್ಪ, ಜಬೀ ಮತ್ತು ನಾನು. ಹೊರಗೆ ಜಿಟಿಜಿಟಿ ಮಳೆ. ನಮ್ಮ ಶಾಲೆ ನದಿಗೆ ಹತ್ತಿರ, ಜುಲೈನಲ್ಲಿ ಅಲ್ಲಿ ಸೀಮೆಸುಣ್ಣವೂ ಮೆತ್ತಗಾಗುತ್ತದೆ. ದಾರದಲ್ಲಿ ಎರಡು ಬೆಂಡಿನ ಗುಂಡುಗಳನ್ನು ಅಕ್ಕಪಕ್ಕ ತೂಗುಬಿಟ್ಟು, ಗಾಜಿನ ಕೋಲನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಮುಟ್ಟಿಸಿದೆ. ಎರಡಕ್ಕೂ ಒಂದೇ ಆವೇಶ ಬಂದು ದೂರ ಸರಿಯಬೇಕಿತ್ತು. ಸರಿಯಲಿಲ್ಲ. ಜಬೀ ಉಜ್ಜಿದ. ಸರಿಯಲಿಲ್ಲ. ಮಹದೇವಪ್ಪನವರು ಬಗ್ಗಿ ಗುಂಡುಗಳನ್ನು ಹತ್ತಿರದಿಂದ ನೋಡಿದರು.

“ಆಕರ್ಷಣೆನೂ ಇಲ್ಲ, ವಿಕರ್ಷಣೆನೂ ಇಲ್ಲ. ನಾನೂ ನಮ್ಮ ತಮ್ಮನೂ ಮದುವಿ ಮನ್ಯಾಗ ಕೂತಂಗ ಕೂತಾವೆ.”

ಆಮೇಲೆ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಬೆರಳುಗಳ ನಡುವೆ ತಿಕ್ಕಿದರು. “ಮೇಷ್ಟ್ರೇ, ಇದೇನ್ರಿ?”

“ರೇಷ್ಮೆ.”

“ಯಾರು ಹೇಳಿದ್ದು?”

“ದಾಸ್ತಾನು ಪುಸ್ತಕದಲ್ಲಿದೆ. ರೇಷ್ಮೆ ಬಟ್ಟೆ, ಒಂದು.”

“ಪುಸ್ತಕದಾಗ ಏನಾರ ಇರ್ಲಿ. ಇದು ಪಾಲಿಯೆಸ್ಟರ್. ಅದೂ ಲೈನಿಂಗಿಗೆ ಹಾಕೋದು.”

ನಾನು ಹದಿನಾಲ್ಕು ವರ್ಷ ಆ ಬಟ್ಟೆಯಿಂದ ಪಾಠ ಮಾಡಿದ್ದೆ. ನನಗಿಂತ ಮೊದಲಿದ್ದವರೂ ಮಾಡಿದ್ದರು. ಗಿರಿಜಮ್ಮನವರು ಅಲ್ಲೇ ದಾಸ್ತಾನು ಪುಸ್ತಕ ತರಿಸಿ ತಿದ್ದಿದರು. ಶಿವಮೂರ್ತೆಪ್ಪನವರಿಗೆ ಇದ್ಯಾವುದೂ ಬೇಕಿರಲಿಲ್ಲ. “ಈಗ ಸಂಬಂಧದ ಕತಿ ಏನ್ರಿ?” ಎಂದರು.

ಆಗ ಜಬೀ ಮಾತಾಡಿದ. “ಸಾರ್, ಬಟ್ಟೆ ಒಂದೇ ಅಲ್ಲ, ಹವಾನೂ ಹಸಿ ಐತೆ. ಕೋಲಿಗೆ ಬಂದಿದ್ದೆಲ್ಲ ಹವಾದಾಗೇ ಹೋಗ್ತೈತೆ ಅಂತ ನೀವೇ ಹೇಳ್ತೀರಲ್ಲ. ದಾವಣಗೆರೆಗೆ, ನಮ್ಮ ಅಣ್ಣನ ಮಂಡಕ್ಕಿ ಭಟ್ಟಿಗೆ ಬರ್ರಿ. ಅಲ್ಲಿ ಹಸಿ ಅನ್ನೋದೇ ಇಲ್ಲ. ಮಳೆಗಾಲದಾಗೂ ತುಟಿ ಒಡೀತಾವೆ.”

ಒದ್ದೆ ಗಾಳಿಯಲ್ಲಿ ಆವೇಶ ನಿಲ್ಲುವುದಿಲ್ಲ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಒಣ ಗಾಳಿ ಇರುವ ಕಡೆ ಪ್ರಯೋಗವನ್ನು ಒಯ್ಯಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಸಬರು ಇದನ್ನು ಗುರುತು ಹಾಕಿಕೊಳ್ಳಬಹುದು.

ಮರುದಿನ, ಭಾನುವಾರ ಹನ್ನೊಂದು ಗಂಟೆಗೆ ಭಟ್ಟಿಯಲ್ಲಿ ಎರಡೂ ಕಡೆಯವರು ಮತ್ತು ಶಾಲೆಯ ನಾವು ಮೂವರು ಸೇರಿದೆವು. ಈ ಸಲ ಶೋಭಾ, ವೀಣಾ, ಕಿರಣ್ ಮತ್ತು ಓದುವ ಅಜ್ಜಿಯೂ ಇದ್ದರು. ಒಂದು ಕಡೆ ಒಲೆಯ ಮೇಲೆ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು, ಇನ್ನೊಂದು ಕಡೆ ಮಂಡಕ್ಕಿ ಗುಡ್ಡೆಯಾಗಿ ಬಿದ್ದಿತ್ತು. ಗೋಡೆ, ನೆಲ, ಗಾಳಿ ಎಲ್ಲ ಕಾದು ಒಣಗಿದ್ದವು. ಜಬೀಯ ಅಣ್ಣ ಹಯಾತ್ ಸಾಬರು ಶಿವಮೂರ್ತೆಪ್ಪನವರನ್ನು ಕಂಡು ಎದ್ದು ನಿಂತರು. ಸಾರಥಿಯ ಭತ್ತ ಎಷ್ಟೋ ವರ್ಷಗಳಿಂದ ಈ ಭಟ್ಟಿಗೇ ಬರುತ್ತಿತ್ತು ಎಂದು ನಮಗೆ ಆಗ ಗೊತ್ತಾಯಿತು.

“ಏನ್ ಗೌಡ್ರೆ, ಬೀಗರನ್ನ ಭಟ್ಟಿಗೆ ಕರ್ಕೊಂಡ್ ಬಂದೀರಿ? ಹುರಿಯಾಕಾ?”

“ನಾನೇ ಹುರಿದು ಹೋಗೀನಿ ಸಾಬ್ರೆ. ಮೊದಲು ಸ್ಟೂಲ್ ಕೊಡ್ರಿ.”

ಮಹದೇವಪ್ಪನವರು ಅಂಗಡಿಯಿಂದ ಒಂದು ಗಜ ಅಸಲಿ ರೇಷ್ಮೆ ತಂದಿದ್ದರು. ನಾನು ಗಾಜಿನ ಕೋಲು ಮತ್ತು ಒಂದು ಪ್ಲಾಸ್ಟಿಕ್ ಪೈಪು ತಂದಿದ್ದೆ. ಪೈಪನ್ನು ಉಜ್ಜಲು ಉಣ್ಣೆ ಬೇಕಿತ್ತು. ಜಬೀ ನನ್ನ ಮುಖ ನೋಡಿದ. ಬೆಕ್ಕು ಬೇಡ ಎಂದೆ. ಶಿವಮೂರ್ತೆಪ್ಪ ಹೆಗಲಿನ ಕಂಬಳಿ ತೆಗೆದುಕೊಟ್ಟರು. ಬೆಂಡಿನ ಗುಂಡು ಶಾಲೆಯಲ್ಲೇ ಮರೆತು ಬಂದಿದ್ದೆ. ಹಯಾತ್ ಸಾಬರು ಗುಡ್ಡೆ ತೋರಿಸಿ “ಇಷ್ಟು ಸಾಕಾ?” ಎಂದರು. ಎರಡು ಮಂಡಕ್ಕಿ ಕಾಳನ್ನು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ, ರೇಷ್ಮೆಯ ಎಳೆಯಲ್ಲಿ ಕಟ್ಟಿ, ಒಂದೇ ಮೊಳೆಗೆ ಜೋಡಿಯಾಗಿ ತೂಗುಬಿಟ್ಟೆವು.

ಪೈಪನ್ನು ಕಂಬಳಿಯಿಂದ ಉಜ್ಜಿ ಎರಡಕ್ಕೂ ಮುಟ್ಟಿಸಿದೆ. ಎರಡು ಕಾಳುಗಳೂ ಜಿಗಿದು ದೂರ ಸರಿದವು, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಹಾಗೇ ನಿಂತವು. ಯಾರೋ ನಡುವೆ ಕೈ ಇಟ್ಟು ಅಗಲಿಸಿದ ಹಾಗೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು “ವಿಕರ್ಷಣೆ” ಎಂದರು.

“ಇದು ಸಜಾತಿ ಆವೇಶ” ಎಂದೆ. “ಕಾಳಿಗೆ ಜಾತಿ ಇಲ್ಲ. ಆವೇಶ ಒಂದೇ ಬಗೆಯದು ಎಂದಷ್ಟೇ ಅರ್ಥ.”

ಆಮೇಲೆ ಎರಡನ್ನೂ ಕೈಯಿಂದ ಮುಟ್ಟಿ ಆವೇಶ ಇಳಿಸಿದೆ. ಅವುಗಳನ್ನು ಬೇರೆ ಬೇರೆ ಹಿಡಿದು, ಒಂದಕ್ಕೆ ಕಂಬಳಿಯಲ್ಲಿ ಉಜ್ಜಿದ ಪೈಪು, ಇನ್ನೊಂದಕ್ಕೆ ರೇಷ್ಮೆಯಲ್ಲಿ ಉಜ್ಜಿದ ಗಾಜು ಮುಟ್ಟಿಸಿ ಬಿಟ್ಟೆವು. ಎರಡೂ ಓಡಿಬಂದು ಒಂದಕ್ಕೊಂದು ತಗುಲಿದವು. ತಗುಲಿದ ಕೂಡಲೇ ಆವೇಶ ಸಮವಾಗಿ ಹೋಗಿ ಸುಮ್ಮನೆ ತೂಗಾಡತೊಡಗಿದವು.

“ಮದುವಿ ಆದ ಮ್ಯಾಲೆ ಹಂಗೇ” ಎಂದರು ಮಹದೇವಪ್ಪ. ಎಲ್ಲರೂ ನಕ್ಕರು. ಸಂಬಂಧ ಕುದುರಿತು ಎಂದು ನಾನು ತಿಳಿದೆ. ಆಗ ಗಿರಿಜಮ್ಮನವರು, ಪಾಠ ಪೂರ್ತಿಯಾಗಲಿ ಎಂದು, ಯಾವುದು ಪ್ಲಸ್ ಯಾವುದು ಮೈನಸ್ ಹೇಳಿ ಮೇಷ್ಟ್ರೇ ಎಂದರು. ರೇಷ್ಮೆಯಿಂದ ಉಜ್ಜಿದ ಗಾಜು ಪ್ಲಸ್, ಕಂಬಳಿಯಿಂದ ಉಜ್ಜಿದ ಪೈಪು ಮೈನಸ್ ಎಂದೆ.

ಮಹದೇವಪ್ಪ ಕೂತಲ್ಲೇ ನೆಟ್ಟಗಾದರು. “ಅಂದ್ರೆ ನಾವು ಪ್ಲಸ್, ಅವರು ಮೈನಸ್.”

ಶಿವಮೂರ್ತೆಪ್ಪ ಸ್ಟೂಲಿನಿಂದ ಎದ್ದರು. “ನಾವ್ಯಾಕ್ರಿ ಮೈನಸ್ಸು? ಹೆಣ್ಣಿನ ಕಡೇರು ಅಂತಾನಾ?”

“ನಾನಲ್ರಿ ಹೇಳಿದ್ದು, ವಿಜ್ಞಾನ ಹೇಳ್ತೈತೆ.”

“ಕಂಬಳಿ ಕೊಡ್ರಿ ಇತ್ತ. ಮೈನಸ್ ಅನ್ನಿಸ್ಕೊಳ್ಳಾಕೆ ಸಾರಥಿಯಿಂದ ಬಂದಿಲ್ಲ ನಾನು.”

ಅವರನ್ನು ಸಮಾಧಾನ ಮಾಡಲು ನಾನು ನಿಜ ಹೇಳಿದೆ. ಉಜ್ಜಿದಾಗ ಎಲೆಕ್ಟ್ರಾನ್ ಎಂಬ ಕಣಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಯಾವುದಕ್ಕೆ ಬಂದು ಸೇರುತ್ತವೋ ಅದು ಮೈನಸ್. ಯಾವುದು ಕಳೆದುಕೊಳ್ಳುತ್ತದೋ ಅದು ಪ್ಲಸ್. ಮೈನಸ್ ಎಂದರೆ ಹೆಚ್ಚಾಗಿದೆ ಎಂದೇ ಅರ್ಥ. ಶಿವಮೂರ್ತೆಪ್ಪ ಕೂತರು. ಈಗ ಮಹದೇವಪ್ಪ ಎದ್ದರು.

“ಹಂಗಾದ್ರೆ ನಾವು ಕಳ್ಕೊಂಡೋರಾ?”

ಇದು ನಾಲ್ಕನೇ ತಪ್ಪು. ಹತ್ತು ನಿಮಿಷ ಇಬ್ಬರೂ ಮಾತಾಡಿದರು. ಇಬ್ಬರಿಗೂ ನಾನೇ ಕಾರಣ ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕೈಯಲ್ಲಿದ್ದ ಪೈಪನ್ನು ನಾನು ಗುಡ್ಡೆಯ ಕಡೆ ವಾಲಿಸಿಕೊಂಡಿದ್ದೆ. ಅದರ ಮೇಲೆ ಇನ್ನೂ ಆವೇಶವಿತ್ತು. ಮಂಡಕ್ಕಿ ಕಾಳುಗಳು ಒಂದೊಂದಾಗಿ ಹಾರಿ ಪೈಪಿಗೆ ಅಂಟಿದವು. ಕೆಲವು ಅಂಟಿದ ಮೇಲೆ ಪೈಪಿನದೇ ಆವೇಶ ಪಡೆದು ಎದುರಿಗೆ ಸಿಡಿದವು. ಒಂದು ಶಿವಮೂರ್ತೆಪ್ಪನವರ ಮೀಸೆಯಲ್ಲಿ ಕೂತಿತು. ಇನ್ನೊಂದು ಮಾತಾಡುತ್ತಿದ್ದ ಮಹದೇವಪ್ಪನವರ ಬಾಯಿಗೇ ಹೋಯಿತು. ಅವರು ಮಾತು ನಿಲ್ಲಿಸಿ ಅಗಿದರು.

ಆ ಬಿಡುವಿನಲ್ಲಿ ಶೋಭಾ ಮಾತಾಡಿದಳು. ಅಲ್ಲಿಯವರೆಗೆ ಅವಳು ಬಾಗಿಲ ಬಳಿ ಕಿರಣ್ ಜೊತೆ ಒಂದೇ ಕಾಗದದಿಂದ ಮಂಡಕ್ಕಿ ತಿನ್ನುತ್ತಿದ್ದಳು. “ಅಜ್ಜ, ಪೈಪು ಮೈನಸ್ ಆದ್ರೆ ಅದಕ್ಕೆ ಕೊಟ್ಟ ಕಂಬಳಿ ಪ್ಲಸ್. ಗಾಜು ಪ್ಲಸ್ ಆದ್ರೆ ಅದರದ್ದು ತಗೊಂಡ ರೇಷ್ಮೆ ಮೈನಸ್. ಎರಡೂ ಮನ್ಯಾಗ ಎರಡೂ ಅದಾವೆ. ಹೌದಲ್ಲ ಸಾರ್?”

ಹೌದು ಎಂದೆ. ನಾನು ಹೇಳಬೇಕಾಗಿದ್ದ ಮಾತು ಅದು.

ಹಯಾತ್ ಸಾಬರು ಶಿವಮೂರ್ತೆಪ್ಪನವರ ಮೀಸೆಯಿಂದ ಕಾಳು ತೆಗೆದರು. “ಹುಡುಗ ಹುಡುಗಿ ಒಂದೇ ಪೊಟ್ಟಣದಾಗ ಕೈ ಹಾಕ್ಯಾರೆ. ನೀವು ಪೈಪ್ ಹಿಡ್ಕೊಂಡು ಇನ್ನೂ ಪರೀಕ್ಷೆ ಮಾಡ್ತೀರಲ್ರಿ. ಮೆಣಸಿನಕಾಯಿ ಆರ್ತೈತೆ, ಕೂಡ್ರಿ.”

ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿಂದ ಮೇಲೆ ಸಂಬಂಧದ ಮಾತು ಒಪ್ಪಿಗೆಯಲ್ಲಿ ಮುಗಿಯಿತು. ಅವತ್ತೇ ಸಂಜೆ ಶೋಭಾ ತಂಗಿಯನ್ನು ಮಾತಾಡಿಸಿದಳು ಎಂದು ವೀಣಾ ಸೋಮವಾರ ಪ್ರಾರ್ಥನೆಗೂ ಮೊದಲೇ ಬಂದು ಹೇಳಿದಳು.

ಈಗ ಈ ಪಾಠಕ್ಕೆ ತರಗತಿಯಲ್ಲಿ ವಿಡಿಯೋ ಇದೆ. ಅದರಲ್ಲಿ ಗುಂಡುಗಳು ಜುಲೈನಲ್ಲೂ ದೂರ ಸರಿಯುತ್ತವೆ. ಎಣ್ಣೆ ತಲೆ, ಬೆಕ್ಕು, ಲೈನಿಂಗ್ ಬಟ್ಟೆ ಯಾವುದೂ ಅಡ್ಡ ಬರುವುದಿಲ್ಲ. ನಾನು ಕೊನೆಯ ಎರಡು ವರ್ಷ ವಿಡಿಯೋ ತೋರಿಸಿದೆ, ಆಮೇಲೆ ಜಬೀ ತಂದ ಬೆಚ್ಚನೆಯ ಮಂಡಕ್ಕಿ ಡಬ್ಬಿಯ ಮುಚ್ಚಳ ತೆಗೆದು ಪೈಪನ್ನು ಹತ್ತಿರ ಹಿಡಿದೆ. ಮಕ್ಕಳು ಯಾವುದನ್ನು ನೆನಪಿಟ್ಟುಕೊಂಡರು ಎಂದು ಉತ್ತರ ಪತ್ರಿಕೆಯಲ್ಲಿ ಕಾಣುತ್ತಿತ್ತು. ‘ಮಂಡಕ್ಕಿಗಳು ಪರಸ್ಪರ ವಿಕರ್ಷಿಸುತ್ತವೆ’ ಎಂದು ಬರೆದವರಿಗೆ ಅರ್ಧ ಅಂಕ ಕೊಟ್ಟಿದ್ದೇನೆ. ಹಲಗೆಯ ಮೇಲೆ ‘ಆವೇಶ’ ಎಂಬ ಪದವನ್ನು ಮತ್ತೆ ಬಿಟ್ಟಿಲ್ಲ. ಜಾಗ ಇಲ್ಲದಿದ್ದರೆ ಗಣಿತದವರನ್ನು ಕೇಳಿ ಅಳಿಸಿದ್ದೇನೆ.

ಶೋಭಾ ಮತ್ತು ಕಿರಣ್ ಮದುವೆ ಮುಂದಿನ ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ಆಯಿತು. ನಾನು, ಗಿರಿಜಮ್ಮ, ಜಬೀ ಮತ್ತು ಹಯಾತ್ ಸಾಬರು ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು. ಎಸ್.ಎಸ್. ಬಡಾವಣೆಯ ಅವರ ಮನೆಯ ಪಡಸಾಲೆಯಲ್ಲಿ ವೀಣಾಳ ಆ ಕಾಗದ ಈಗ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ. ಬಂದವರಿಗೆ ಅಜ್ಜಿ ಅದನ್ನು ಓದಿ ಹೇಳುತ್ತಾರೆ.

ಶಿವಮೂರ್ತೆಪ್ಪನವರು ದೂರನ್ನು ಹಿಂತೆಗೆದುಕೊಂಡ ಪತ್ರ ಶಾಲೆಯ ಕಡತದಲ್ಲಿದೆ. ಅದರಲ್ಲಿ ಎರಡನೇ ಪ್ಯಾರಾ ಕೂಡ ಇದೆ. ಬಂದು ಸೇರಿದ್ದಕ್ಕೆ ಮೈನಸ್, ಕಳೆದುಕೊಂಡದ್ದಕ್ಕೆ ಪ್ಲಸ್ ಎಂದು ಹೆಸರಿಟ್ಟಿರುವುದು ಸರಿಯಲ್ಲ, ಸಂಬಂಧಪಟ್ಟವರು ಇದನ್ನು ಅದಲು ಬದಲು ಮಾಡಬೇಕು ಎಂದು ಕೋರಿದ್ದಾರೆ. ಪತ್ರದಲ್ಲಿ ಕೋರಿಕೆ ಇದ್ದುದರಿಂದ ಗಿರಿಜಮ್ಮನವರು ಅದನ್ನು ಮೇಲಿನ ಕಚೇರಿಗೆ ಕಳುಹಿಸಬೇಕಾಯಿತು. ಕಳೆದ ತಿಂಗಳು ಜಬೀ ವಿಚಾರಿಸಿದ. ಅರ್ಜಿ ಪರಿಶೀಲನೆಯಲ್ಲಿದೆ.